ಹಂಡೆಯಲ್ಲಿ ಕೂತ ಈಜುಗಾರ

"ಮೂವತ್ತು ವರ್ಷ ಕಡಲನ್ನೇ ಆಳಿದವನು ನಾನು. ಈ ಊರಿನ ಈಜುಕೊಳ ನನಗ್ಯಾವ ಲೆಕ್ಕ? ನೋಡ್ತಾ ಇರು ಹುಲ್ಡಾ, ತಿಂಗಳಾಗೋದ್ರೊಳಗೆ ಮೀನುಗಳು ನನ್ನ ಹತ್ರ ಪಾಠಕ್ಕೆ ಬರ್ತವೆ!"

ಸ್ಟೇನಾರ್ ಹೀಗೆಂದು ಶಪಥ ಮಾಡಿದ್ದು ಊಟದ ಮೇಜಿನ ಮುಂದೆ, ತಟ್ಟೆಯಲ್ಲಿದ್ದ ಬೆಂದ ಮೀನಿನ ಸಾಕ್ಷಿಯಾಗಿ. ಕಡಲನ್ನು ಆಳಿದ ಮಾತು ಪೂರ್ತಿ ಸುಳ್ಳಲ್ಲ. ಐಸ್‌ಲ್ಯಾಂಡಿನ ಉತ್ತರ ತೀರದ ಸೆಲವಿಕ್ ಎಂಬ ಊರಿನಲ್ಲಿ ಅವನು ಬಂದರು ಅಧಿಕಾರಿಯಾಗಿದ್ದ. ಯಾವ ದೋಣಿ ಎಲ್ಲಿ ನಿಲ್ಲಬೇಕೆಂದು ಬೆಚ್ಚಗಿನ ಕೋಣೆಯ ಕಿಟಕಿಯಿಂದ ಕೈ ಬೀಸಿ ತೋರಿಸುವುದು ಅವನ ಕೆಲಸ. ನೀರಿಗಿಳಿಯುವ ಪ್ರಸಂಗ ಬಂದೇ ಇರಲಿಲ್ಲ. ಶಾಲೆಯಲ್ಲಿ ಎಲ್ಲರಂತೆ ಈಜಿನ ಪರೀಕ್ಷೆಯನ್ನೇನೋ ಪಾಸು ಮಾಡಿದ್ದ. ಅದೂ ಒಂದು ಕಾಲನ್ನು ಕೊಳದ ತಳಕ್ಕೆ ಊರಿಕೊಂಡು, ಕೈಗಳನ್ನು ಮಾತ್ರ ಧಾರಾಳವಾಗಿ ಆಡಿಸಿ.

ನಿವೃತ್ತನಾದ ಮೇಲೆ ಅವನಿಗೆ ಆಳಲು ಉಳಿದದ್ದು ಅಡುಗೆಮನೆ. ಆಲೂಗಡ್ಡೆಯ ಬುಟ್ಟಿ ಎಲ್ಲಿ ನಿಲ್ಲಬೇಕು, ಕೆಟಲ್ಲಿನ ಮೂತಿ ಯಾವ ದಿಕ್ಕಿಗಿರಬೇಕು ಎಂದು ಹೆಂಡತಿಗೆ ದಿನವಿಡೀ ಅಪ್ಪಣೆ ಕೊಡಿಸುತ್ತಿದ್ದ. ಹುಲ್ಡಾ ಉಣ್ಣೆ ಹೆಣೆಯಲು ಕೂತರೆ ಪಕ್ಕದಲ್ಲಿ ನಿಂತು, ಆ ಸಾಲು ಓರೆಯಾಯಿತು ಎನ್ನುತ್ತಿದ್ದ. ಅವಳು ಒಂದು ದಿನ ಅವನನ್ನೂ ಕರೆದುಕೊಂಡು ಡಾಕ್ಟರ್ ಏದಿಸ್ ಬಳಿ ಹೋದಳು. ಡಾಕ್ಟರು ಇಬ್ಬರ ತೋಳಿಗೂ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಹುಲ್ಡಾಳ ಜೊತೆ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಹೊರಗೆ ಬಂದು ಸ್ಟೇನಾರ್‌ಗೆ, "ನೀವು ದಿನಾ ಬೆಳಿಗ್ಗೆ ಈಜುಕೊಳಕ್ಕೆ ಹೋಗಿ. ಒಂದು ದಿನಾನೂ ತಪ್ಪಿಸ್ಬೇಡಿ" ಎಂದರು.

ಮನೆಗೆ ಬಂದ ಮೇಲೆ ಹುಲ್ಡಾ ತನ್ನದೂ ಒಂದು ಷರತ್ತು ಸೇರಿಸಿದಳು. ಈಜಿದರೆ ಮಾತ್ರ ಭಾನುವಾರ ಹೊಗೆ ಹಾಕಿದ ಕುರಿಮಾಂಸ. ಇಲ್ಲದಿದ್ದರೆ ಗಂಜಿ. ಕುರಿಮಾಂಸಕ್ಕಾಗಿ ಸ್ಟೇನಾರ್ ಉತ್ತರ ಧ್ರುವದವರೆಗೆ ಈಜಲೂ ಸಿದ್ಧನಿದ್ದ, ಬಾಯಿಮಾತಿನಲ್ಲಿ.

ಮೊದಲ ದಿನ ಹೋದ. ಆ ಊರಿನ ಕೊಳಕ್ಕೆ ಇಳಿಯುವ ಮುನ್ನ ಒಳಗಿನ ಬಚ್ಚಲಲ್ಲಿ ಒಂದು ನೂಲೂ ಇಲ್ಲದೆ ನಿಂತು, ಕಾವಲಿನವನ ಕಣ್ಣೆದುರಿಗೇ ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಮೇಯರ್ ಆದರೂ ಬಿಡುವುದಿಲ್ಲ, ಪಾದ್ರಿಯಾದರೂ ಬಿಡುವುದಿಲ್ಲ. ಅದನ್ನು ಮುಗಿಸಿ, ಚಡ್ಡಿ ತೊಟ್ಟು, ಬಯಲಿನ ಬಾಗಿಲು ತೆರೆದರೆ ಸುರಿಯುವ ಹಿಮ! ಕೊಳ ಇರುವುದು ಅಂಗಳದ ಆ ತುದಿಗೆ. ಈ ತುದಿಯಲ್ಲಿ, ಬಾಗಿಲಿನ ಮಗ್ಗುಲಲ್ಲೇ, ನೆಲದಡಿಯ ಬಿಸಿನೀರು ತುಂಬಿದ ದುಂಡನೆಯ ತೊಟ್ಟಿ. ಊರವರು ಅದನ್ನು ಹಂಡೆ ಎಂದೇ ಕರೆಯುತ್ತಾರೆ. ಹಂಡೆಯಲ್ಲಿ ಕತ್ತಿನವರೆಗೆ ಮುಳುಗಿ ಕೂತಿದ್ದರು ಕ್ಷೌರಿಕ ಕೇಟಿಲ್ ಮತ್ತು ಕುರಿ ಸಾಕುವ ಮುಂಡಿ.

"ಮೈ ಬಿಸಿ ಮಾಡ್ಕೊಂಡು ಹೋಗು ಮಾರಾಯ. ಕೊಳ ಎಲ್ಲಿಗೂ ಓಡಿಹೋಗಲ್ಲ" ಎಂದ ಕೇಟಿಲ್.

ಮಾತು ನ್ಯಾಯವಾಗಿತ್ತು. ಸ್ಟೇನಾರ್ ಇಳಿದ. ಮುಂಡಿಯ ಟಗರು ಪಕ್ಕದೂರಿನ ಇಗರ್ಜಿಗೆ ನುಗ್ಗಿದ ಕಥೆ ಅರ್ಧಕ್ಕೆ ಬಂದಿತ್ತು. ಅರ್ಧಕ್ಕೇ ಎದ್ದು ಹೋಗುವುದು ಸಭ್ಯರ ಲಕ್ಷಣವಲ್ಲ. ಟಗರು ಹೊರಗೆ ಬರುವಷ್ಟರಲ್ಲಿ ಹೊಸ ರಸ್ತೆಯ ಚರ್ಚೆ ಶುರುವಾಯಿತು. ರಸ್ತೆ ಮುಗಿಯುವಷ್ಟರಲ್ಲಿ ಕಾಫಿ ಬಂತು. ಕೊಳ ನಿಜಕ್ಕೂ ಎಲ್ಲಿಗೂ ಓಡಿಹೋಗಲಿಲ್ಲ. ಮರುದಿನವೂ ಅಲ್ಲೇ ಇತ್ತು, ಅದರ ಮರುದಿನವೂ.

ಮನೆಯಲ್ಲಿ ಮಾತ್ರ ಸ್ಟೇನಾರ್ ಈಜುತ್ತಲೇ ಹೋದ. ಮೊದಲ ವಾರ ಕೊಳದ ಉದ್ದಕ್ಕೆ ನಾಲ್ಕು ಸಲ ಎಂದ. ಎರಡನೆಯ ವಾರ ಲೆಕ್ಕವೇ ತಪ್ಪಿಹೋಯಿತು ಎಂದ. ಆಮೇಲೆ ಹುಲ್ಡಾ ಕೇಳದಿದ್ದರೂ ಅಂಗಾತ ಈಜಿದ್ದನ್ನೂ ಮುಳುಗಿ ಈಜಿದ್ದನ್ನೂ ಸೋಫಾದ ಮೇಲೆ ಮಲಗಿ ಅಭಿನಯಿಸಿ ತೋರಿಸಿದ. ಜೊತೆಗೆ ಯಾರ ಮಗಳಿಗೆ ನಿಶ್ಚಿತಾರ್ಥ, ಯಾರ ದೋಣಿ ಮಾರಾಟಕ್ಕಿದೆ ಎಂಬ ಬಿಸಿಬಿಸಿ ಸುದ್ದಿಯನ್ನೂ ಬಡಿಸಿದ. ಹುಲ್ಡಾ ಹೂಂಗುಟ್ಟುತ್ತ ಹೆಣೆಯುತ್ತಿದ್ದಳು. ಭಾನುವಾರದ ಕುರಿಮಾಂಸ ತಪ್ಪಲಿಲ್ಲ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳು ಈಜಿಕೊಂಡೇ ಊರು ಸುತ್ತಿತು. ಚಳಿ ಕಳೆಯುವ ಹೊತ್ತಿಗೆ ಡಾಕ್ಟರು ಮತ್ತೆ ಇಬ್ಬರ ತೋಳಿಗೂ ಪಟ್ಟಿ ಸುತ್ತಿ, ಮುಖವರಳಿಸಿ, ಈಜುಕೊಳದ ಔಷಧಿ ಈ ಮನೆಗೆ ಚೆನ್ನಾಗಿ ಹಿಡಿದಿದೆ ಎಂದರು. ಅಲ್ಲಿನ ಪಂಚಾಂಗದಂತೆ ಏಪ್ರಿಲ್‌ನಲ್ಲೇ ಬರುವ ಬೇಸಿಗೆಯ ಮೊದಲ ದಿನ ಕೊಳದಲ್ಲಿ ಊರಹಬ್ಬ. ಜನರಿಗೆ ಹುರುಪು ಬರುವಂತೆ ಮೊದಲು ಸ್ಟೇನಾರ್ ಅವರೇ ಈಜಿ ತೋರಿಸಬೇಕು ಎಂದೂ ಕೇಳಿಕೊಂಡರು. ಸ್ಟೇನಾರ್ ಬಾಯಿ ತೆರೆಯುವಷ್ಟರಲ್ಲಿ ಹುಲ್ಡಾ, "ಅಯ್ಯೋ, ಅದಕ್ಕೇನಂತೆ? ಇವನಿಗೆ ಅದು ನೀರು ಕುಡಿದಷ್ಟು ಸುಲಭ" ಎಂದಳು.

ಅವಳು ಹೇಳಿದಂತೆಯೇ ಆಯಿತು. ಆ ದಿನ ಅವನು ಬೇಕಾದಷ್ಟು ನೀರು ಕುಡಿದ.

ಬೇಸಿಗೆಯ ಮೊದಲ ದಿನ ಬಂತು, ವಾಡಿಕೆಯಂತೆ ಹಿಮದ ಜೊತೆ. ಊರಿಗೆ ಊರೇ ಕೊಳದ ಸುತ್ತ ನೆರೆದು ಬ್ಯಾಂಡ್ ಬಾರಿಸಿತು. ಸ್ಟೇನಾರ್ ಹಂಡೆಯ ಕಡೆಗೊಮ್ಮೆ ಆಸೆಯಿಂದ ನೋಡಿ, ಕೊಳಕ್ಕಿಳಿದು, ಹಳೆಯ ವಿದ್ಯೆ ನೆನಪಿಸಿಕೊಂಡು ಒಂದು ಕಾಲನ್ನು ತಳಕ್ಕೆ ಊರಿದ. ಕೈಗಳು ಭವ್ಯವಾಗಿ ಆಡಿದವು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಉಬ್ಬಿ ಅವನು ಮುಂದೆ ಮುಂದೆ ಹೋದ. ಕೊಳದ ನಡುವೆ ತಳವೆಂಬುದು ಕಾಲಿನ ಕೆಳಗಿಂದ ಜಾರಿಹೋಗುತ್ತದೆಂದು ಶಾಲೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ.

ಬಂದರು ಅಧಿಕಾರಿ ಮುಳುಗಿದ. ಎದ್ದ. ದೋಣಿಗಳಿಗೆ ಕೈ ಬೀಸುವಂತೆಯೇ ಎರಡೂ ಕೈ ಬೀಸಿದ. ಇದೂ ಈಜಿನ ಒಂದು ವರಸೆಯೆಂದು ತಿಳಿದ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಕಡೆಗೆ ಕಾವಲಿನವನು ಉದ್ದನೆಯ ಕೋಲು ಚಾಚಿ ಅವನನ್ನು ದಡಕ್ಕೆಳೆದ. ಬ್ಯಾಂಡ್ ನಿಂತಿತು. ಸ್ಟೇನಾರ್ ಯಾರ ಮುಖವನ್ನೂ ನೋಡದೆ ಕೆಮ್ಮುತ್ತ ಅಂಗಳ ದಾಟಿ, ಸೀದಾ ಹಂಡೆಗೆ ಹೋಗಿ ತನ್ನ ಮಾಮೂಲು ಜಾಗದಲ್ಲಿ ಕೂತ. ಕೇಟಿಲ್ ಮತ್ತು ಮುಂಡಿ ಆಗಲೇ ಅಲ್ಲಿದ್ದರು.

ಸ್ವಲ್ಪ ಹೊತ್ತಿಗೆ ಹುಲ್ಡಾ ಈಜುಡುಗೆಯಲ್ಲಿ ಬಂದು ಅವನ ಪಕ್ಕ ಇಳಿದಳು. ಸ್ಟೇನಾರ್‌ಗೆ ಕಣ್ಣ ಮುಂದೆ ಗಂಜಿ ಕಾಣಿಸಿತು. ನಾಚಿಕೆಯಿಂದ ತಲೆ ತಗ್ಗಿಸಿದ. ಗದ್ದ ನೀರಿಗೆ ತಾಗಿತು.

"ನಾನು ಒಂದು ದಿನಾನೂ ಈಜಿಲ್ಲ ಹುಲ್ಡಾ" ಎಂದ.

"ಗೊತ್ತು."

"ಯಾವಾಗಿಂದ?"

"ಮೊದಲನೇ ವಾರದಿಂದ. ನೀರೊಳಗೆ ಮುಖ ಹಾಕಿ ಈಜೋನಿಗೆ ಊರಿನ ಸುದ್ದಿಯೆಲ್ಲ ಯಾರು ಹೇಳ್ತಾರೆ? ಮೀನಾ?"

"ಮತ್ತೆ ಸುಮ್ನಿದ್ದೆ ಯಾಕೆ? ಡಾಕ್ಟರು ಬೇರೆ ಔಷಧಿ ಹಿಡಿದಿದೆ ಅಂದ್ರಲ್ಲ, ನನ್ನ ರಕ್ತದೊತ್ತಡ ಇಳಿದಿದೆ ಅಂತ ತಾನೆ?"

"ನಿಂದು ಯಾವತ್ತು ಏರಿತ್ತು? ಏರಿದ್ದು ನಂದು, ನೀನು ನಿವೃತ್ತನಾಗಿ ಮನೆಗೆ ಬಂದ ದಿನದಿಂದ. ಮಾತ್ರೆ ನುಂಗ್ತೀರೋ, ಗಂಡನ್ನ ದಿನಾ ಬೆಳಿಗ್ಗೆ ಈಜುಕೊಳಕ್ಕೆ ಅಟ್ತೀರೋ ಅಂದ್ರು ಡಾಕ್ಟರು. ಈಗ ನೋಡು, ಹದಿನೆಂಟರ ಹುಡುಗಿ ಹಾಗಿದೆಯಂತೆ ನನ್ನ ರಕ್ತ. ಈಜು, ಬಿಡು, ಅದು ನಿನ್ನಿಷ್ಟ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಾತ್ರ ಮನೆಗೆ ಬರಬೇಡ."

ಸ್ಟೇನಾರ್ ಗದ್ದವನ್ನು ನೀರಿನಿಂದ ಮೇಲೆತ್ತಿದ. ಆಮೇಲೆ ಮೆಲ್ಲಗೆ ಕೇಳಿದ:

"ಕುರಿಮಾಂಸ?"

"ಸಿಗುತ್ತೆ. ಔಷಧಿ ಕೆಡಬಾರದಲ್ಲ" ಎಂದು ಹುಲ್ಡಾ ಎದ್ದು ಕೊಳದ ಕಡೆ ನಡೆದಳು. ಧುಮುಕಿದವಳು ಈ ತುದಿಯಿಂದ ಆ ತುದಿಗೆ ಸರಾಗವಾಗಿ ಈಜಿಕೊಂಡು ಹೋದಳು. ಬ್ಯಾಂಡಿನವರು ಮತ್ತೆ ಬಾರಿಸತೊಡಗಿದರು.

ಸ್ಟೇನಾರ್ ಗೆಳೆಯರ ಕಡೆ ತಿರುಗಿ, ಎಲ್ಲ ಕೇಳಿಸಿಕೊಂಡಿರಲ್ಲ, ಇನ್ನು ಯಥೇಚ್ಛವಾಗಿ ನಗಬಹುದು ಎಂದ. ಮುಂಡಿ ನಗಲಿಲ್ಲ. ಕೇಟಿಲ್ ಜರುಗಿ, ಬಿಸಿನೀರು ಚಿಮ್ಮುವ ಒಳ್ಳೆಯ ಜಾಗವನ್ನು ಅವನಿಗೆ ಬಿಟ್ಟುಕೊಟ್ಟ.

"ನಗೋದೇನು ಬಂತು ಮಾರಾಯ? ನಾನು ಎಂಟು ವರ್ಷದಿಂದ ನನ್ನ ಹೆಂಡ್ತಿಯ ಮಂಡಿನೋವಿಗೆ ಇಲ್ಲಿ ಕೂತಿದೀನಿ" ಎಂದ.