ಮೂರು ಟಿವಿ ಮತ್ತು ಅವ್ವನ ಮೂಡಲಗಿ ಪ್ರಯಾಣ

ನಿಯಮ ಮುರಿಯುವವರ ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ನಗೆಪಾಟಲಿನ ಪ್ರಸಂಗಗಳೆಲ್ಲ ನಿಯಮ ಪಾಲಿಸುವವನ ಮನೆಯನ್ನೇ ಹುಡುಕಿಕೊಂಡು ಬರುತ್ತವೆ. ನನ್ನ ಮನೆಗೆ ಬರಲು ಅವಕ್ಕೆ ದಾರಿ ಕೇಳುವ ಅಗತ್ಯವೂ ಬೀಳುವುದಿಲ್ಲ.

ನಾನು ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ಮಾಡುವವನು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವ ಸೊಸೈಟಿಗೆ ಕಾಲಿಟ್ಟರೂ ಸೆಕ್ರೆಟರಿಗಳು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಬೆಳಗಾವಿಯ ಇಂಗ್ಲಿಷ್ ಮೀಡಿಯಂ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು. ಕೆಲಸವನ್ನು ಕ್ರಮವಾಗಿ ಮಾಡಬೇಕು, ತಪ್ಪು ಕಂಡರೆ ಸುಮ್ಮನಿರಬಾರದು ಎಂದು ಅಲ್ಲಿ ಕಲಿಸಿದ್ದರು. ಸೊಸೈಟಿಗಳಲ್ಲಿ ಇವನ್ನು ಪಾಲಿಸಿದೆ, ಮರ್ಯಾದೆ ಸಿಕ್ಕಿತು. ಮನೆಯ ಟಿವಿಗಳ ವಿಷಯದಲ್ಲಿಯೂ ಪಾಲಿಸಿದೆ. ಈಗ ಓಣಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೇನೆ.

೧. ಕ್ರಮ ಪ್ರಕಾರ

ನಮ್ಮ ಗೋಕಾಕದ ಮನೆಯಲ್ಲಿ ಮೂರು ಟಿವಿಗಳಿವೆ. ಒಂದು ಹಾಲ್‌ನಲ್ಲಿ, ಒಂದು ಅವ್ವನ ಕೋಣೆಯಲ್ಲಿ, ಇನ್ನೊಂದು ಹೆಂಡತಿ ಹೊಲಿಗೆ ಮಷಿನ್ ಇಟ್ಟುಕೊಂಡ ಮಾಳಿಗೆಯಲ್ಲಿ. ಕೇಬಲ್ ತೆಗೆಸಿ ಮೂರಕ್ಕೂ ಇಂಟರ್‌ನೆಟ್‌ನಿಂದಲೇ ಕಾರ್ಯಕ್ರಮ ಬರುವಂತೆ ಮಾಡುವುದೆಂದು ನಾನು ತೀರ್ಮಾನಿಸಿದೆ. ಮನೆಯಲ್ಲಿ ಯಾರೂ ಇದನ್ನು ಬೇಕೆಂದು ಕೇಳಿರಲಿಲ್ಲ.

ಕೇಬಲ್‌ನವನು ಒಳ್ಳೆಯ ಮಾತೇ ಹೇಳಿದ. "ಸಾಹೇಬ್ರ, ಹೊಸಾದು ಸುರು ಆಗ್ಲಿ, ಆಮ್ಯಾಲ ನಂದು ತಗಸ್ರಿ. ನನಗೇನ ಅವಸರ ಇಲ್ರಿ."

"ಹಂಗ ಆಗೂದಿಲ್ಲ. ಒಂದು ಮುಗಿಸದ ಇನ್ನೊಂದು ಸುರು ಮಾಡೂದು ನನ್ನ ಪದ್ಧತಿ ಅಲ್ಲ" ಎಂದೆ. ಅವನೆದುರಿಗೇ ಕತ್ತರಿ ತಂದು ಮೂರೂ ವೈರ್ ಕತ್ತರಿಸಿದೆ.

ಇಂಟರ್‌ನೆಟ್‌ನವರು ಮರುದಿನ ಬಂದರು. ಓಣಿಯ ರಸ್ತೆಯನ್ನು ಯಾರೋ ಗಟಾರಕ್ಕೆಂದು ಅಗೆದು ಹಾಗೇ ಬಿಟ್ಟಿದ್ದರು. ತಗ್ಗು ನೋಡಿದವರು "ಇದನ್ನ ಮುಚ್ಚಿದ ಮ್ಯಾಲ ಬರ್ತೀವ್ರಿ" ಎಂದು ಹೋದರು. ತಗ್ಗು ಮುಚ್ಚುವವರು ಯಾರು, ಯಾವಾಗ ಬರುತ್ತಾರೆ ಎಂಬುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವ್ವನಿಗೆ ಮುಂಜಾನೆ ಸ್ವಾಮಿಗಳ ಪ್ರವಚನ ಬೇಕು, ಸಂಜೆ ಧಾರಾವಾಹಿ ಬೇಕು. ಇವೆರಡರ ನಡುವೆ ಆಕೆಯ ಊಟ, ನಿದ್ದೆ, ಔಷಧಿ ಎಲ್ಲ ಹೊಂದಿಕೊಂಡಿರುತ್ತವೆ. ಎರಡೂ ಹೋದ ಮೇಲೆ ಆಕೆ ದಿನಾ ಸಂಜೆ ಎದುರು ಮನೆಗೆ ಹೋಗಿ ಕೂರತೊಡಗಿದಳು. ಎದುರು ಮನೆಯಾಕೆ ಸಹಜವಾಗಿ ಕೇಳಿದ್ದಾಳೆ, "ಯಾಕ್ರೀ ಕಾಕೂ, ನಿಮ್ಮ ಮನ್ಯಾಗ ಮೂರ ಟಿವಿ ಅದಾವಲ್ರಿ?"

ಅವ್ವ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳಂತೆ: "ಅದಾವವ್ವಾ. ಮೂರೂ ಗ್ವಾಡಿಗಿ ಅದಾವು. ದಿನಾ ಧೂಳಾ ಒರಸ್ತೀವಿ. ನನ್ನ ಮಗಾ ಭಾಳ ಶಿಸ್ತಿನಾಂವ. ನಮ್ಮನ್ನ ಹ್ಯಾಂಗ ಬಾಯಿ ಮುಚ್ಚಿ ಕುಂದ್ರಿಸ್ಯಾನೋ, ಅವನ್ನೂ ಹಂಗ ಕುಂದ್ರಿಸ್ಯಾನ."

೨. ಪರಊರಿನ ಹೆಣ್ಣುಮಗಳು

ಕೊನೆಗೂ ತಗ್ಗು ಮುಚ್ಚಿತು, ವೈರ್ ಬಂತು. ಹೊಸ ರಿಮೋಟಿನಲ್ಲಿ ಒಂದು ಗುಂಡಿ ಒತ್ತಿ ಮಾತಾಡಿದರೆ ಸಾಕು, ಬೇಕಾದ್ದು ಬರುತ್ತದೆ. ನಾನು ಬೋರ್ಡಿಂಗಿನ ಶುದ್ಧ ಇಂಗ್ಲಿಷಿನಲ್ಲಿ ಆಜ್ಞೆ ಕೊಟ್ಟು ಅವ್ವನಿಗೆ ತೋರಿಸಿದೆ. ಟಿವಿಯೊಳಗಿನ ಹೆಣ್ಣು ದನಿ ಇಂಗ್ಲಿಷಿನಲ್ಲೇ ಉತ್ತರಿಸಿ ಪ್ರವಚನ ಹಚ್ಚಿತು.

ಅವ್ವ ಪ್ರವಚನ ನೋಡಲಿಲ್ಲ. ನನ್ನ ಮುಖ ನೋಡಿದಳು.

"ಯಾರ ಮಗಳೋ ಅಕಿ?"

"ಯಾರೂ ಅಲ್ಲವ್ವಾ. ಮಷಿನ್ ಅದು."

"ಮಷಿನ್ ಮಾತಾಡತೈತೇನು? ಕನ್ನಡಾ ಬರಂಗಿಲ್ಲ ಪಾಪ, ಪರಊರಿಂದ ಬಂದು ದುಡಿಯಾಕತ್ತಾಳ. ಅಕಿಗಿ ಹಿಂಗ ಹುಕುಂ ಮಾಡ್ತಾರೇನು? ಉಂಡಿಯೇನವ್ವಾ ಅಂತ ಒಂದ ಮಾತ ಕೇಳಿದಿ?"

ನಾನು ತಾಂತ್ರಿಕ ವಿವರಣೆ ಶುರು ಮಾಡಿದೆ. ಅವ್ವ ರಿಮೋಟ್ ಕಸಿದುಕೊಂಡು ಗುಂಡಿ ಒತ್ತಿದಳು. "ತಂಗೀ, ಚಾ ಕುಡದಿಯೇನವಾ? ಯಾವೂರು ನಿಂದು?" ಟಿವಿ ಒಂದು ಕ್ಷಣ ಯೋಚಿಸಿ ಚಹಾ ಮಾಡುವ ವಿಧಾನದ ವಿಡಿಯೋ ಹಚ್ಚಿತು. ಅವ್ವನ ಕಣ್ಣು ಒದ್ದೆಯಾದವು. "ನೋಡು, ಪಾಪ, ಇನ್ನೂ ಈಗ ಚಾ ಇಡಾಕತ್ತಾಳ."

ಅಂದಿನಿಂದ ಅವ್ವನ ಎದುರಿಗೆ ಆ ಟಿವಿಯೊಂದಿಗೆ ನಾನು ಬಹುವಚನದಲ್ಲೇ ಮಾತಾಡಬೇಕಾಯಿತು. ಒಂದು ದಿನ ಅವ್ವನ ಕೋಣೆಯಲ್ಲಿ "ಸ್ವಲ್ಪ ಆವಾಜ್ ಕಡಿಮಿ ಮಾಡ್ತೀರೇನ್ರಿ?" ಎಂದು ಟಿವಿಗೆ ವಿನಂತಿಸುತ್ತಿದ್ದೆ. ಬಾಗಿಲಲ್ಲಿ ಒಬ್ಬ ಸೊಸೈಟಿ ಸೆಕ್ರೆಟರಿ ಕಾಗದಪತ್ರ ಹಿಡಿದು ನಿಂತಿದ್ದ. ಹಿಂದಿನ ವಾರವಷ್ಟೇ ಅವನಿಗೆ ಎಲ್ಲರೆದುರು ಏಕವಚನದಲ್ಲಿ ಬೈದಿದ್ದೆ. ಅವನು ಕೈಮುಗಿದು ಮೆಲ್ಲಗೆ ಹೇಳಿದ: "ಸರ್, ಮುಂದಿನ ತಪಾಸಣಿಗೆ ಈ ಟಿವಿ ನಮ್ಮ ಆಫೀಸ್ನ್ಯಾಗ ಇಡೂಣೇನ್ರಿ?"

೩. ಬೀಗರ ಮುಂದೆ

ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಮಾತುಕತೆಯ ಹೊತ್ತಿನಲ್ಲೇ ನಾನು ಬೀಗರಿಗೆ ಸ್ಪಷ್ಟವಾಗಿ ಹೇಳಿದ್ದೆ, ನಮ್ಮ ಮನೆಯಲ್ಲಿ ವಾರ್ತೆ, ಪ್ರವಚನ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು. ಅವ್ವನ ಧಾರಾವಾಹಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಮನೆಯಲ್ಲಿ ಮಕ್ಕಳು ಟಿವಿ ಮುಂದೆ ಕೂತರೆ ಸಾಕು, ನನ್ನ ಹೆಸರು ಹೇಳಿ ಎಬ್ಬಿಸುತ್ತಿದ್ದರಂತೆ.

ಬೀಗರು, ಬೀಗತಿ ಬಂದರು. ಕರದಂಟು, ಚಹಾ ಆಯಿತು. ಹೊಸ ವ್ಯವಸ್ಥೆ ತೋರಿಸೋಣವೆಂದು ಹಾಲ್‌ನ ಟಿವಿ ಹಚ್ಚಿದೆ. ಒಂದು ಮಾತು ಇಲ್ಲಿ ಹೇಳಬೇಕು. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರಿನ ವಿಭಾಗ ಮಾಡಿಕೊಳ್ಳಲು ಅದರಲ್ಲಿ ಅವಕಾಶವಿದೆ. ಮನೆಗೆ ಯಜಮಾನ ಒಬ್ಬನೇ ಎಂಬ ತತ್ವದ ಮೇಲೆ ನಾನು ನನ್ನ ಹೆಸರೊಂದನ್ನೇ ಇಟ್ಟಿದ್ದೆ. ಹೀಗಾಗಿ ಯಾವ ಟಿವಿಯಲ್ಲಿ ಯಾರು ಏನು ನೋಡಿದರೂ ಅದು ನನ್ನ ಹೆಸರಿಗೇ ಜಮೆ ಆಗುತ್ತಿತ್ತು.

ಪರದೆಯ ಮೇಲೆ ದೊಡ್ಡದಾಗಿ ನನ್ನ ಹೆಸರು. ಅದರ ಕೆಳಗೆ ನಾನು ಅರ್ಧ ನೋಡಿ ಬಿಟ್ಟವು ಎಂದು ಧಾರಾವಾಹಿಗಳ ಸಾಲು. ಒಂದರಲ್ಲಿ ಅತ್ತೆ ಸೊಸೆಯ ಹಾಲಿಗೆ ಏನನ್ನೋ ಬೆರೆಸುತ್ತಿದ್ದಳು. ಇನ್ನೊಂದರಲ್ಲಿ ಅತ್ತೆ ಸೊಸೆಯನ್ನು ಮೆಟ್ಟಿಲ ಮೇಲಿಂದ ನೂಕುತ್ತಿದ್ದಳು. ಅದರ ಕೆಳಗಿನ ಸಾಲು, ನನ್ನ ಅಭಿರುಚಿಗೆ ತಕ್ಕಂತೆ ಕಂಪನಿಯವರು ಆರಿಸಿದ್ದು. ಅಲ್ಲೂ ಅತ್ತೆಯರೇ, ಇನ್ನೂ ಕ್ರೂರಿಗಳು.

ಬೀಗರು ಚಾಳೀಸು ಏರಿಸಿಕೊಂಡು ಒಂದೊಂದನ್ನೇ ನೋಡಿದರು. ಹೆಂಡತಿ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ನಾನು ರಿಮೋಟಿನ ಎಲ್ಲ ಗುಂಡಿಗಳನ್ನೂ ಒತ್ತಿದೆ. ಅತ್ತೆಯೊಬ್ಬಳು ಗಹಗಹಿಸಿ ನಗತೊಡಗಿದಳು.

ಬೀಗತಿ ಸೆರಗು ಸರಿಮಾಡಿಕೊಂಡು ಶಾಂತವಾಗಿ ಕೇಳಿದರು, "ಬೀಗರ, ಇದನ್ನೆಲ್ಲಾ ಮಗಳನ್ನ ಕೊಡೂಕಿಂತ ಮೊದಲ ನೋಡಬೇಕಿತ್ರೀ. ಈಗ ನೋಡಿ ಏನ್ ಉಪಯೋಗ?"

೪. ಉತಾರ ತೆಗೆಸಿ ನೋಡು

ನನ್ನ ತಮ್ಮ ಮೂಡಲಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವ್ವನಿಗೆ ಫೋನ್ ಮಾಡಿ, ತನ್ನ ಮನೆಗೂ ನಮ್ಮ ಟಿವಿಯ ಪಾಸ್‌ವರ್ಡ್ ಕೇಳಿದ. ಅವ್ವ "ಕೊಡು" ಎಂದಳು. ಕೊಟ್ಟೆ.

ಮರುದಿನ ಅವ್ವನ ಧಾರಾವಾಹಿಯ ಹೊತ್ತಿಗೆ ಆಕೆಯ ಟಿವಿಯ ಮೇಲೆ ಬಂತು, ಒಂದೇ ಸಲಕ್ಕೆ ಇಷ್ಟು ಟಿವಿಗಳಲ್ಲಿ ನೋಡುವಂತಿಲ್ಲ ಎಂದು. ನಾನು ಕಂಪನಿಯ ಷರತ್ತುಗಳನ್ನೆಲ್ಲ ಓದಿದೆ. ಅವನ್ನು ಬರೆದವರು ಬಿಟ್ಟರೆ ಓದಿದವನು ನಾನೊಬ್ಬನೇ ಇರಬೇಕು. ಒಂದು ಮನೆಯವರು ಮಾತ್ರ ಬಳಸಬೇಕು ಎಂದಿತ್ತು. ತಮ್ಮನಿಗೆ ಫೋನ್ ಮಾಡಿದೆ.

"ನಿಂದು ಬ್ಯಾರೆ ಮನಿ. ನೀ ನೋಡೂದು ನಿಯಮಬಾಹಿರ."

"ಯಾಕ್ ಬ್ಯಾರೆ ಅಣ್ಣಾ? ನಾವೇನ್ ಪಾಲಾಗೇವೇನು?" ಎಂದ ಅವನು. "ಹೊಲದ ಉತಾರ ತಗಸಿ ನೋಡು. ಹೊಲಾ ಇನ್ನೂ ಅಪ್ಪನ ಹೆಸರಿನ್ಯಾಗ ಐತಿ. ಉತಾರದಾಗ ಒಂದ ಅಂದ ಮ್ಯಾಲ ಟಿವ್ಯಾಗೂ ಒಂದ."

ತರ್ಕದಲ್ಲಿ ನನಗೆ ದೋಷ ಕಾಣಲಿಲ್ಲ. ಪಾಲಾಗದ ಅಣ್ಣತಮ್ಮಂದಿರು ಎರಡು ಊರಲ್ಲಿದ್ದರೆ ಅದು ಒಂದು ಮನೆಯೋ ಎರಡೋ? ಸಂಶಯ ಇಟ್ಟುಕೊಂಡು ಟಿವಿ ನೋಡುವುದು ನನ್ನಿಂದ ಆಗದ ಮಾತು. ಕಂಪನಿಗೇ ಫೋನ್ ಮಾಡಿ, ಅಪ್ಪನ ಹೊಲ, ತಮ್ಮನ ಅಂಗಡಿ, ಅವಿಭಕ್ತ ಕುಟುಂಬದ ಕಾನೂನು ಎಲ್ಲವನ್ನೂ ವಿವರಿಸಿ ತೀರ್ಪು ಕೇಳಿದೆ. ಫೋನ್ ಎತ್ತಿದ ಹುಡುಗಿ ಮೇಲಿನವರನ್ನು ಕೇಳಿದಳು. ಅವರು ಅವರ ಮೇಲಿನವರನ್ನು ಕೇಳಿರಬೇಕು. ಸಂಜೆಯೊಳಗೆ ಗೋಕಾಕದ ಮೂರು, ಮೂಡಲಗಿಯ ಒಂದು, ಎಲ್ಲ ಟಿವಿಗಳೂ ಪರಿಶೀಲನೆಗಾಗಿ ಬಂದ್.

ಅವ್ವ ಕೋಲು ಊರಿಕೊಂಡು ಬಂದಳು. "ಏನಾತೋ?"

"ಕಂಪನಿಯವ್ರಿಗೆ ನಿಯಮ ಏನಂತ ಕೇಳಿದ್ನೆವ್ವಾ."

"ಅವ್ರು ನಿನ್ನ ಏನರ ಕೇಳಿದ್ರೇನು?"

"ಇಲ್ಲ."

ಅವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. "ಕಳ್ಳತನಾ ಮಾಡಿದವ್ರನ್ನ ಪೊಲೀಸ್ರು ಹಿಡಕೊಂಡ ಹೋಗೂದು ನೋಡೇನಿ. ಕದಿಯೂಕಿಂತ ಮೊದಲ ತಾನ ಹೋಗಿ ಠಾಣೆದಾಗ ಕುಂತಾಂವ್ನ ಇವತ್ತ ನೋಡಿದೆ."

೫. ಅವ್ವನ ಚೀಲ

ಆ ಮಾತು ಹೇಳಿ ಅವ್ವ ಕೋಣೆಗೆ ಹೋಗಿ ಚೀಲ ಕಟ್ಟಿದಳು. "ಮೂಡಲಗ್ಯಾಗ ಕೇಬಲ್ ಐತಿ. ಸಣ್ಣಾಂವ ಕಡಿಮಿ ಓದ್ಯಾನ, ಅದಕ್ಕ ಕೇಬಲ್ ಉಳದೈತಿ. ನಾ ಅಲ್ಲೇ ಇರ್ತೀನಿ."

ಇದು ಇಲ್ಲಿಯ ತನಕ ನಗೆಯ ವಿಷಯ, ಇಲ್ಲಿಂದ ಮುಂದೆ ನನ್ನ ಪಾಲಿಗೆ ಅಲ್ಲ. ಅಪ್ಪ ಹೋದ ಮೇಲೆ ಅವ್ವ ಎಂದೂ ಈ ಮನೆ ಬಿಟ್ಟು ಇರಲು ಹೋದವಳಲ್ಲ. ಹಿರಿಮಗನ ಮನೆಯಿಂದ ತಾಯಿ ಚೀಲ ಹಿಡಿದು ಹೊರಟರೆ ಓಣಿಯಲ್ಲಿ ಯಾರೂ ಕಾರಣ ಕೇಳುವುದಿಲ್ಲ, ತಾವೇ ಹೇಳಿಬಿಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಮುಂಜಾನೆ ಎದ್ದರೆ ಆ ಕೋಣೆಯಿಂದ ಯಾವ ಆವಾಜೂ ಬರುವುದಿಲ್ಲ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಮರುದಿನ ತಮ್ಮ ಕಾರು ತಂದ. ಅವ್ವ ಇಳಕಲ್ ಸೀರೆ ಉಟ್ಟು ಹಾಲ್‌ನಲ್ಲಿ ಸಿದ್ಧಳಾಗಿ ಕೂತಿದ್ದಳು. ಎದುರು ಮನೆಯಾಕೆ ಕಳಿಸಿಕೊಡಲು ಬಂದಿದ್ದಳು. ಹೆಂಡತಿ ನನ್ನ ಹತ್ತಿರ ಬಂದು, "ಒಂದ ಮಾತ ತಪ್ಪಾತು ಅಂದ್ರ ನಿಮ್ಮ ಗಂಟೇನ ಹೋಗತೈತ್ರಿ?" ಎಂದಳು. ಹೋಗುವುದೇನೂ ಇಲ್ಲ. ಆದರೆ ಆ ಮಾತು ಹೇಗೆ ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಸೆಕ್ರೆಟರಿಗಳ ಬಾಯಿಂದ ಹೇಳಿಸುತ್ತ ಬಂದವನು.

ಕೊನೆಯ ಪ್ರಯತ್ನವಾಗಿ ಅವ್ವನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಫೋನಿನಲ್ಲಿ ಕಾಣುವುದನ್ನೆಲ್ಲ ಟಿವಿಯಲ್ಲಿ ತೋರಿಸುವ ಒಂದು ಉಪಾಯವಿದೆ. ಹಾಗೆ ಪ್ರವಚನ ಹಚ್ಚಿಕೊಟ್ಟರೆ ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ ಎಂದು ನನ್ನ ಎಣಿಕೆ. ಯಾವ ಟಿವಿಗೆ ಎಂದು ಫೋನು ಕೇಳಿತು. ಹಾಲ್, ಅವ್ವ, ಮಾಳಿಗೆ ಎಂದು ಹೆಸರಿಡಬಹುದಿತ್ತು. ನಾನು ಮೂರಕ್ಕೂ ಕಂಪನಿಯ ಮಾಡೆಲ್ ನಂಬರನ್ನೇ ಉಳಿಸಿದ್ದೆ. ಒಂದನ್ನು ಒತ್ತಿದೆ. ಅವ್ವನ ಟಿವಿ ಕಪ್ಪಗೇ ಇತ್ತು. ಇದೂ ಆಗಲಿಲ್ಲ ಎಂದು ಅವಳ ಮಂಚದ ಮೇಲೆ ಕೂತುಬಿಟ್ಟೆ.

ಕೂತವನು ಫೋನಿನಲ್ಲಿ, ತಾಯಿಯ ಕ್ಷಮೆ ಕೇಳುವ ಸರಿಯಾದ ಕ್ರಮ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದೆ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿತ್ತು, ಹಿಂದೆ ಹೋಗಿ ಹಾಕಿದೆ. ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಾಯಿಯನ್ನು ಅಪ್ಪಿಕೊಂಡು ಹೂಗುಚ್ಛ ಕೊಡಿ ಎಂದು ಉತ್ತರ ಬಂತು. ಆ ಕಡೆಯಿಂದ ಅವ್ವನ ದನಿ ಕೇಳಿಸಿತು, "ಹೂವಾ ಯಾಕ ಬೇಕ ನನಗ? ಮದಿವಿ ಐತೇನು?" ಎದುರು ಮನೆಯಾಕೆ ಮುಡಿಸಲು ಹೂವು ತಂದಿರಬೇಕು ಅಂದುಕೊಂಡೆ.

ಹೇಳುವ ಮಾತನ್ನು ಮೊದಲು ಬರೆದುಕೊಂಡು ಬಾಯಿಪಾಠ ಮಾಡುವುದು ಒಳ್ಳೆಯದೆನಿಸಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದೆ: ಅವ್ವಾ, ಕಂಪನಿಯವರಿಂದ ತಪ್ಪಾತು. ಅದು ಖರೆ ಅಲ್ಲ. ಅಳಿಸಿದೆ. ಅವ್ವಾ, ನಮ್ಮೆಲ್ಲರಿಂದ ತಪ್ಪಾತು. ಅದೂ ಅಲ್ಲ. ಅಳಿಸಿದೆ. ಬೆವರು ಒರೆಸಿಕೊಂಡು ಮತ್ತೆ ಬರೆದೆ: ಅವ್ವಾ, ನನ್ನಿಂದ ಸ್ವಲ್ಪ ತಪ್ಪಾತು.

ಹಾಲ್‌ನಿಂದ ಅವ್ವ ಗುಡುಗಿದಳು: "ಸ್ವಲ್ಪ ಅನ್ನೂದು ತಗಿಯೋ!"

ನನ್ನ ಕೈ ತಾನಾಗಿ 'ಸ್ವಲ್ಪ' ಅಳಿಸಿತು. ಅಳಿಸಿದ ಮೇಲೆ ಬಾಗಿಲ ಕಡೆ ತಿರುಗಿ ನೋಡಿದೆ. ಮುಚ್ಚಿದ ಬಾಗಿಲಿನ ಆಚೆ ಕೂತವಳಿಗೆ ಇದು ಹೇಗೆ ಗೊತ್ತಾಯಿತು?

ಬಾಗಿಲು ತೆಗೆದು ಹೊರಗೆ ಬಂದೆ. ಹಾಲ್‌ನ ಟಿವಿಯ ಮೇಲೆ, ಒಂದೊಂದು ಅಕ್ಷರ ಅಂಗೈಯಷ್ಟು ದೊಡ್ಡದಾಗಿ, ಅವ್ವಾ ನನ್ನಿಂದ ತಪ್ಪಾತು ಎಂದು ಬೆಳಗುತ್ತಿತ್ತು. ನಾನು ಒತ್ತಿದ್ದು ಹಾಲ್‌ನ ಟಿವಿಯ ನಂಬರು. ಮೊದಲ ಅಕ್ಷರದಿಂದ ಪ್ರತಿಯೊಂದೂ ಅಲ್ಲಿ ಮೂಡಿತ್ತು. ಅಳಿಸಿದ್ದೂ ಸೇರಿ ಎಲ್ಲವನ್ನೂ ತಮ್ಮ ಗಟ್ಟಿಯಾಗಿ ಓದಿ, ಇಂಗ್ಲಿಷ್ ಇದ್ದಲ್ಲಿ ಅರ್ಥ ಬಿಡಿಸಿ ಹೇಳಿದ್ದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮುಖ ಎಲ್ಲಿಡಬೇಕೆಂದು ತಿಳಿಯದೆ ನಾನು ಟಿವಿ ಬಂದ್ ಮಾಡಲು ಹೋದೆ.

"ಮುಟ್ಟಬ್ಯಾಡ!" ಎಂದಳು ಅವ್ವ. ಆಮೇಲೆ ತಮ್ಮನ ಕಡೆ ತಿರುಗಿ, "ನೀ ಹೋಗಪಾ ಮೂಡಲಗಿಗಿ. ಆ ಚೀಲ ಒಳಗಿಡು. ಇಷ್ಟ ವರ್ಷದಾಗ ಈ ಮನಿ ಟಿವ್ಯಾಗ ಇವತ್ತ ಒಂದ ಛಲೋ ಧಾರಾವಾಹಿ ಸುರು ಆಗೇತಿ. ನಡುವ ಬಿಟ್ಟ ಹ್ಯಾಂಗ ಬರ್ಲಿ?"

ಎದುರು ಮನೆಯಾಕೆ ಹೊರಡಲು ಎದ್ದವಳು ಬಾಗಿಲಲ್ಲಿ ನಿಂತು, ನನ್ನನ್ನೇ ನೋಡುತ್ತ ಅತ್ಯಂತ ಶ್ರದ್ಧೆಯಿಂದ ಕೇಳಿದಳು, "ನಾಳಿ ಎಷ್ಟಕ್ಕ ಬರ್ಲಿರಿ?"