ಅಪ್ಪ ರಿಪೇರಿ ಮಾಡಿಸಿದ ಮನೆ

ಬೇರೆಯವರ ಮನೆಯಲ್ಲಿ ನಲ್ಲಿ ಸೋರಿದರೆ ಪ್ಲಂಬರ್ ಬರುತ್ತಾನೆ, ವಾಷರ್ ಹಾಕುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಯಾವ ರಿಪೇರಿಯೂ ನಾಲ್ಕು ಜನ ಹೇಳಿಕೊಂಡು ನಗುವಂತಾಗದೆ ಮುಗಿಯುತ್ತಿರಲಿಲ್ಲ. ಅಪ್ಪ ಧಾರವಾಡದ ಕಡೆಯವರು. ಹೈದರಾಬಾದಿನ ಸರಕಾರಿ ಕಾರ್ಖಾನೆಯೊಂದರಲ್ಲಿ ನೌಕರಿ, ಕುಷಾಯಿಗೂಡದಲ್ಲಿ ಸ್ವಂತ ಮನೆ. ಕಾಲೋನಿಯಲ್ಲಿ ಯಾರು ಏನು ಹೊಸದು ಮಾಡಿಸಿದರೂ ನಮ್ಮಲ್ಲೂ ಅದು ಆಗಬೇಕು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಅಂಗಳದಲ್ಲಿ ಮರಳಿನ ಗುಡ್ಡೆ ಇಲ್ಲದ ದಿನ ನೆನಪಿಲ್ಲ.

ಹಕ್ಕಿ ಬೆಲ್

ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುವ ಕಾಲಿಂಗ್ ಬೆಲ್ ಎಲ್ಲರ ಮನೆಗೂ ಬಂದ ಕಾಲ. ಅಪ್ಪನೂ ಒಂದು ತಂದರು. ಎಲೆಕ್ಟ್ರಿಷಿಯನ್‌ನ ಕರೆಯೋಣ ಅಂದಳು ಅವ್ವ.

"ಕಾರ್ಖಾನ್ಯಾಗ ಅಷ್ಟು ದೊಡ್ಡ ಮಷೀನ್ ನಡಸ್ತೀನಿ, ಒಂದು ಬೆಲ್ ಕೂಡ್ಸಾಕ ಇನ್ನೊಬ್ಬಾಂವ ಯಾಕ ಬೇಕು?" ಅಂತ ಅಪ್ಪ ತಾವೇ ಸ್ಟೂಲ್ ಹತ್ತಿದರು.

ಯಾವ ತಂತಿ ಎಲ್ಲಿಗೆ ಸೇರಿತೋ ದೇವರೇ ಬಲ್ಲ. ಬಾತ್‌ರೂಮಿನ ಸ್ವಿಚ್ ಒತ್ತಿದರೆ ಹಕ್ಕಿ ಕೂಗುತ್ತಿತ್ತು. ಹೊರಗೆ ಬೆಲ್ ಒತ್ತಿದರೆ ಬಾತ್‌ರೂಮಿನ ದೀಪ ಹತ್ತುತ್ತಿತ್ತು.

ಒಂದು ಭಾನುವಾರ ಅಪ್ಪನ ಸಾಹೇಬರು, ಅವರು ಬೀದರಿನವರು, ಸಂಸಾರ ಸಮೇತ ಬಂದು ಬೆಲ್ ಒತ್ತಿದರು. ಕತ್ತಲಲ್ಲೇ ಸ್ನಾನಕ್ಕೆ ಕೂತಿದ್ದ ನಮ್ಮಜ್ಜಿಯ ತಲೆಯ ಮೇಲೆ ದೀಪ ಹತ್ತಿತು. ಅಜ್ಜಿ ಒಳಗಿನಿಂದಲೇ, "ಯಾರೋ ಬಂದಾರ, ಬಾಗಲಾ ತೆಗೀರಿ" ಅಂತ ಕೂಗಿದಳು.

ಸಾಹೇಬರು ಕೂತ ಮೇಲೆ, "ನಿಮ್ಮ ಬೆಲ್ ಕೆಟ್ಟಂಗೈತಲ್ರಿ" ಅಂದರು.

"ಇಲ್ರಿ ಸರ, ಬರೋಬರಿ ಐತಿ" ಅಂದರು ಅಪ್ಪ. "ಬಾತ್‌ರೂಮಿನ್ಯಾಗ ಒಬ್ಬರು ಇದ್ರ ಸಾಕ್ರಿ, ಬಾಗಲಾ ತೆಗೀತೀವಿ."

ಮಾರ್ಬಲ್

ನಮ್ಮ ಮೊಸಾಯಿಕ್ ನೆಲಕ್ಕೆ ಏನೂ ಆಗಿರಲಿಲ್ಲ. ಎದುರು ಮನೆಯವರು ಮಾರ್ಬಲ್ ಹಾಕಿಸಿದರು, ಅಷ್ಟೇ. ಮರುದಿನದಿಂದ ಅಪ್ಪನ ಕಣ್ಣಿಗೆ ನಮ್ಮ ನೆಲ ಮಾಸಿದ ಅಂಗಿಯ ಹಾಗೆ ಕಾಣತೊಡಗಿತು. ಸರಿ, ಮೊಸಾಯಿಕ್ ಮೇಲೆ ಮಾರ್ಬಲ್ ಬಂತು. ಹಾಲಿನಂಥ ಬಿಳುಪು.

ಅವ್ವನ ನೆಮ್ಮದಿ ಅಂದೇ ಹೋಯಿತು. ಅರಿಷಿಣ ಬಿದ್ದರೆ ಕಲೆ, ಚಹಾ ಚೆಲ್ಲಿದರೆ ಕಲೆ. ಮೊದಲು ಹಳೇ ಸೀರೆಗಳನ್ನು ಹಾಸಿದಳು. ಅದರಲ್ಲಿ ಕಾಲು ಸಿಕ್ಕಿ ಅಪ್ಪ ಬಿದ್ದ ಮೇಲೆ ಬಜಾರಿಗೆ ಹೋಗಿ ಪ್ಲಾಸ್ಟಿಕ್ ಹಾಸು ತಂದು, ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿಬಿಟ್ಟಳು. ಅದರ ಡಿಸೈನು ನೋಡಿದರೆ ಥೇಟ್ ನಮ್ಮ ಹಳೇ ಮೊಸಾಯಿಕ್.

ಮಾರ್ಬಲ್ ನೋಡಲಿಕ್ಕೇ ಅಂತ ರಾಯಚೂರಿನಿಂದ ಅವ್ವನ ತಮ್ಮ ಬಂದ. ಸುತ್ತ ನೋಡಿ, "ಅಕ್ಕಾ, ಮಾರ್ಬಲ್ ಇನ್ನೂ ಹಾಕ್ಸಿಲ್ಲೇನು?" ಅಂದ.

ಅವ್ವ ಸೋಫಾದ ಹಿಂದೆ ಕೂತು, ಸೀರೆ ಅಂಗಡಿಯವ ಮಡಿಕೆ ಬಿಚ್ಚಿ ಜರಿ ತೋರಿಸುವ ಹಾಗೆ, ಹಾಸಿನ ಒಂದು ಮೂಲೆ ಎತ್ತಿ ತೋರಿಸಿದಳು. ಮಾಮಾ ಬಗ್ಗಿ ನೋಡಿದ.

"ಭಾಳ ಚಂದ ಐತಿ ಅಕ್ಕಾ" ಅಂದ. "ಮುಚ್ಚು, ಧೂಳ ಬಿದ್ದೀತು."

ಜಲಪಾತ

ಮೇಲಿನ ನೀರಿನ ಟ್ಯಾಂಕು ಸೋರಿ ಹಾಲ್‌ನ ಗೋಡೆಗೆ ಥಂಡಿ ಹಿಡಿಯಿತು. ಗೋಡೆ ತುಂಬ ಸೀನರಿ ಅಂಟಿಸುವ ಶೋಕಿ ಆಗಷ್ಟೇ ಬಂದಿತ್ತು. ಟ್ಯಾಂಕಿನ ಗೊಡವೆಗೆ ಹೋಗದೆ ಅಪ್ಪ ಅಮೀರ್‌ಪೇಟ್‌ನಿಂದ ಒಂದು ದೊಡ್ಡ ಜಲಪಾತ ತಂದು ಅಂಟಿಸಿದರು. ಕಾಡು, ಬಂಡೆ, ನಡುವೆ ಧುಮ್ಮಿಕ್ಕುವ ನೀರು. ಕಲೆ ಮುಚ್ಚಿತು.

ಮಳೆಗಾಲ ಬಂದಾಗ ಕಾಗದದ ಜೋಡಣೆಯಲ್ಲಿ ನೀರು ಇಳಿಯತೊಡಗಿತು. ಅದೂ ಸರಿಯಾಗಿ ಜಲಪಾತದ ಮೇಲೇ. ಅವ್ವ ಕೆಳಗೆ ಒಂದು ಹಿತ್ತಾಳೆ ಹಂಡೆ ಇಟ್ಟಳು. ಅಪ್ಪನಿಗೆ ಹಂಡೆ ನೋಡಿ ನಾಚಿಕೆಯಾಗಿ, ಅದರ ಸುತ್ತ ಮನಿ ಪ್ಲಾಂಟಿನ ಕುಂಡಗಳನ್ನು ಜೋಡಿಸಿದರು.

ಪಕ್ಕದ ಮನೆಯ ತೆಲುಗು ಮೇಷ್ಟ್ರು ಬಂದವರು ನಿಂತುಬಿಟ್ಟರು. ಹತ್ತಿರ ಹೋದರು. ಬೆರಳಿಂದ ಮುಟ್ಟಿದರು. ಒದ್ದೆ ಬೆರಳನ್ನು ಸ್ವಲ್ಪ ಹೊತ್ತು ನೋಡಿಕೊಂಡು, ತಗ್ಗಿದ ದನಿಯಲ್ಲಿ ಅಪ್ಪನನ್ನು ಕೇಳಿದರು:

"ಮೋಟರ್ ಎಕ್ಕಡ ಪೆಟ್ಟಾರಂಡಿ?"

ಮೋಟರ್ ಎಲ್ಲಿಟ್ಟಿದ್ದೀರಿ ಅಂತ.

ಬಾಗಿಲು

ಕೊನೆಗೆ ವಾಸ್ತು ಬಂತು. ಆಗ ಹೈದರಾಬಾದಿನಲ್ಲಿ ವಾಸ್ತು ಕೇಳದೆ ಯಾರೂ ಮೊಳೆ ಕೂಡ ಹೊಡೆಯುತ್ತಿರಲಿಲ್ಲ. ನಮ್ಮಲ್ಲಿ ಅದಕ್ಕೆ ಕಾರಣ ನಾನು. ನನ್ನನ್ನು ನೋಡಿಹೋದ ಗಂಡಿನ ಕಡೆಯವರು ಯಾರೂ ತಿರುಗಿ ಸುದ್ದಿ ಹೇಳುತ್ತಿರಲಿಲ್ಲ. ಅಪ್ಪ ಬಾಯಿಬಿಟ್ಟು ಆಡದಿದ್ದರೂ ಊಟ ಕಡಿಮೆ ಮಾಡಿದ್ದರು.

ಪಂಡಿತರು ಬಂದು ಹೇಳಿದರು: "ದಕ್ಷಿಣದ ಬಾಗಲಾ ಮುಚ್ಚ್ರಿ. ಪೂರ್ವದ ಕಿಟಕಿ ಒಡದು ಬಾಗಲಾ ಮಾಡ್ರಿ." ಹಿತ್ತಲ ಬಾಗಿಲನ್ನು ಹಿಂದಿನ ವರ್ಷವೇ ಇನ್ನೊಬ್ಬ ಪಂಡಿತರು ಮುಚ್ಚಿಸಿದ್ದರು.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಬಂದು ಕಿಟಕಿಯ ಕಬ್ಬಿಣದ ಜಾಲರಿ ಕಿತ್ತ. ಮುಂಬಾಗಿಲಿಗೆ ಇಟ್ಟಿಗೆ ಇಟ್ಟು ಗಿಲಾವು ಮಾಡಿ ಮುಗಿಸಿದ. ಇನ್ನು ಕಿಟಕಿಯ ಕೆಳಗಿನ ಗೋಡೆ ಒಡೆಯಬೇಕು ಅನ್ನುವಾಗ ಅಪ್ಪ ತಡೆದರು. ಒಡೆಯುವ ಮುಹೂರ್ತ ಶನಿವಾರಕ್ಕಿತ್ತು. ಅಂದರೆ ಒಂದು ದಿನದ ಮಟ್ಟಿಗೆ ನಮ್ಮ ಮನೆಗೆ ಬಾಗಿಲೇ ಇಲ್ಲ.

ಭಾನುವಾರ ಬರಬೇಕಾಗಿದ್ದ ಮಲಕ್‌ಪೇಟೆಯ ಗಂಡಿನ ಕಡೆಯವರು ಅವತ್ತೇ ಬಂದರು. ಇಲ್ಲೇ ಹತ್ತಿರ ಒಂದು ಮದುವೆಗೆ ಬಂದಿದ್ದರಂತೆ, ಹಾಗೇ ನೋಡಿಕೊಂಡು ಹೋಗೋಣ ಅಂತ. ಹುಡುಗ, ಅವನ ತಂದೆ, ತಾಯಿ. ಮೂವರೂ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕಿಟಕಿಯ ಮುಂದೆ ನಿಂತರು.

ಅಪ್ಪ ಲುಂಗಿ ಉಟ್ಟು, ಮೊಣಕೈವರೆಗೆ ಸಿಮೆಂಟ್ ಮೆತ್ತಿಕೊಂಡು ಕಿಟಕಿಯೊಳಗೆ ಕಾಣಿಸಿಕೊಂಡರು.

"ಬರ್ರಿ, ಬರ್ರಿ. ಬಾಗಲಾ ನಾಳೆ ಬರ್ತೈತ್ರಿ. ಇವತ್ತೊಂದಿನ ಹಿಂಗ ಬರ್ರಿ" ಅಂತ ಹೊರಗೆ ಒಂದು ಸ್ಟೂಲ್ ಇಳಿಸಿದರು, ಒಳಗೆ ಒಂದು ಕುರ್ಚಿ ಇಟ್ಟರು.

ಹುಡುಗನ ತಂದೆ ಭಾರೀ ದೇಹದವರು. ಧೋತರ ಎತ್ತಿ ಹಿಡಿದು ಒಂದು ಕಾಲು ಒಳಗೆ ಹಾಕಿದರು. ಇನ್ನೊಂದು ಕಾಲು ಬರಲಿಲ್ಲ. ಕುದುರೆ ಏರಿದವರ ಹಾಗೆ ಕಿಟಕಿಯ ಮೇಲೆ ಕೂತುಬಿಟ್ಟರು. ಅವ್ವನಿಗೆ ಮರ್ಯಾದೆ ಮುಖ್ಯ. ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಅವರು ಕೂತಲ್ಲೇ ಕುಡಿದು, "ಭಾಳ ತಂಪೈತ್ರಿ" ಅಂದರು.

ತಂದೆಯನ್ನು ಒಳಗಿನಿಂದ ಎಳೆಯೋಣ ಅಂತ ಹುಡುಗ ಅವರ ಪಕ್ಕದಿಂದ ತೂರಿ ಒಳಗೆ ಬಂದ. ಅಷ್ಟರಲ್ಲಿ ಹೊರಗೆ ರೇಷ್ಮೆ ಸೀರೆಯಲ್ಲಿ ನಿಂತಿದ್ದ ಅವನ ತಾಯಿ ಹೇಳಿದರು: "ನನ್ನ ಕೈಲಿ ಹತ್ತೂದು ಆಗೂದಿಲ್ರಿ. ಹುಡುಗಿನೇ ಹೊರಗ ಬರ್ಲಿ."

ನಾನು ಸೆರಗು ಸಿಕ್ಕಿಸಿಕೊಂಡು, ಅವಲಕ್ಕಿ ತಟ್ಟೆಯನ್ನು ಮೇಸ್ತ್ರಿಯ ಕೈಯಲ್ಲಿ ಕೊಟ್ಟು, ಕುರ್ಚಿ ಹತ್ತಿ ಹೊರಗಿಳಿದೆ. ಈಗ ನೋಡಲು ಬಂದವನು ನಮ್ಮ ಮನೆಯೊಳಗೆ, ನಾನು ಹೊರಗೆ ಮರಳಿನ ಮೇಲೆ. ನಡುವೆ ಅವನ ತಂದೆ. ಹುಡುಗ ತಂದೆಯ ತೋಳಿನ ಸಂದಿಯಿಂದ ನನ್ನನ್ನು ನೋಡಿದ. ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅವನ ತಾಯಿ ಮಾತ್ರ ನಗದೆ ನನ್ನ ಓದು, ಅಡುಗೆ, ಹಾಡು ಎಲ್ಲ ವಿಚಾರಿಸತೊಡಗಿದರು.

ವಿಚಾರಣೆ ಮುಗಿಯುವ ಲಕ್ಷಣ ಕಾಣದೆ ಕಿಟಕಿಯ ಮೇಲಿದ್ದವರು ಹೆಂಡತಿಯ ಕಡೆ ತಿರುಗಿದರು.

"ಏನಂತ ಲಗೂನ ಹೇಳಿಬಿಡು. ಒಪ್ಪಿಗಿ ಇದ್ರ ಒಳಗ ಇಳೀತೀನಿ, ಇಲ್ಲಾಂದ್ರ ಹೊರಗ."

ಹುಡುಗನ ತಾಯಿ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಒಳಗೆ ಇನ್ನೂ ನಗುತ್ತಿದ್ದ ಮಗನನ್ನು ನೋಡಿದರು. ಆಮೇಲೆ ಗಂಡನ ಹೊರಗಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಹೇಳಿದರು:

"ಒಳಗ ಇಳೀರಿ."