ಹೊಗೆಯ ವಾರಸುದಾರರು

ನಮ್ಮ ಭಾವ ಏಕಕಾಲಕ್ಕೆ ನಾಲ್ಕು ಸರ್ಕಾರಗಳ ಮೇಲೆ ಕಾಲು ಕೆರೆದು ಜಗಳಕ್ಕೆ ಹೋದ ಮನುಷ್ಯ ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಸರ್ಕಾರವೂ ಬೀಳಲಿಲ್ಲ, ಅದು ಬೇರೆ ಮಾತು. ಭಾವನೂ ಬಗ್ಗಲಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಸಾಫ್ಟ್‌ವೇರ್ ಕೆಲಸ, ಬರ್ಮಿಂಗ್‌ಹ್ಯಾಮಿನ ಅಂಚಿನಲ್ಲಿ ಮನೆ. ಕೊಳ್ಳುವಾಗ "ಬಾಗಿಲಿಗೇ ಬಸ್ಸು" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಮೆರೆದಿದ್ದರು. ಬಸ್ಸು ಬಾಗಿಲಿಗೆ ಬಂದದ್ದು ನಿಜ, ಅಲ್ಲಿಂದ ಹೋಗುತ್ತಿರಲಿಲ್ಲ. ಬೇಗ ಬಂದ ಬಸ್ಸುಗಳೆಲ್ಲ ತಮ್ಮ ಸಮಯವಾಗುವ ತನಕ ಕಾಯಬೇಕಾದ ನಿಲ್ದಾಣವಂತೆ ಅದು. ಕಾಯುವಷ್ಟು ಹೊತ್ತೂ ಎಂಜಿನ್ ಗುರುಗುಟ್ಟುತ್ತಿತ್ತು. ಅಕ್ಕನಿಗೆ ಆಸ್ತಮಾ. ಚಳಿಗಾಲದಲ್ಲಿ ಮುಂಬಾಗಿಲು ತೆರೆದರೆ ಡೀಸೆಲ್ ಹೊಗೆ ನೆಂಟರಿಗಿಂತ ಮೊದಲು ಒಳಗೆ ಬಂದು ಕೂರುತ್ತಿತ್ತು.

ಇದರಿಂದ ಅಕ್ಕ ಕಳೆದುಕೊಂಡದ್ದು ಸಣ್ಣದಲ್ಲ. ನಮ್ಮವರು ಹೊರಡುವುದೆಂದರೆ ಏನೆಂದು ನಿಮಗೆ ಗೊತ್ತೇ ಇದೆ. ಸೋಫಾದಿಂದ ಏಳುವಾಗ ಒಮ್ಮೆ "ಬರ್ತೀವಿ", ಶೂ ಹಾಕುವಾಗ ಇನ್ನೊಮ್ಮೆ. ಇವೆರಡೂ ಬರೀ ತಾಲೀಮು. ನಿಜವಾದ ಮಾತು ಶುರುವಾಗುವುದೇ ಹೊಸ್ತಿಲು ದಾಟಿದ ಮೇಲೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮಾರ್ಟ್‌ಗೇಜ್ ತೀರಿತು, ಎಲ್ಲ ಕಾರಿನ ಬಾಗಿಲು ಹಿಡಿದುಕೊಂಡೇ ನೆನಪಾಗಬೇಕು. ಅಷ್ಟರಲ್ಲಿ ಗಂಡಸರು ಕಾರು ಬೆಚ್ಚಗಾಗಲೆಂದು ಎಂಜಿನ್ ಹಾಕಿರುತ್ತಾರೆ. ಬಸ್ಸಿನ ಹೊಗೆಗೆ ಇವರದೂ ಸೇರುತ್ತಿತ್ತು. ಅಕ್ಕ ಕಿಟಕಿಯ ಗಾಜಿನ ಹಿಂದೆ ನಿಂತು ಕೈ ಬೀಸುತ್ತಿದ್ದಳು. ಹೊರಗಿನ ಮಾತು, ನಗು ಒಂದೂ ಅವಳಿಗೆ ಕೇಳಿಸುತ್ತಿರಲಿಲ್ಲ. ನನಗೇ ಅದನ್ನು ನೋಡಲಾಗುತ್ತಿರಲಿಲ್ಲ, ಇನ್ನು ಭಾವನಿಗೆ ಹೇಗಿದ್ದೀತು?

ಭಾವ ದೂರು ಹಿಡಿದು ಹೊರಟರು. ಮೊದಲು ಸಿಕ್ಕಿದ್ದು ನಗರದ ಕೌನ್ಸಿಲ್. "ರಸ್ತೆ ನಮ್ಮದು, ಬಸ್ಸು ನಮ್ಮದಲ್ಲ" ಎಂದರು ಅಲ್ಲಿಯವರು. ಸುತ್ತಲಿನ ಊರುಗಳಿಗೆಲ್ಲ ಸೇರಿ ಒಂದು ಸಾರಿಗೆ ಪ್ರಾಧಿಕಾರವಿತ್ತು. "ನಿಲ್ದಾಣ ನಮ್ಮದು, ಬಸ್ಸು ಕಂಪನಿಯದು" ಎಂದಿತು ಅದು. ಕಂಪನಿಯವರು ಬಸ್ಸನ್ನು ಒಪ್ಪಿಕೊಂಡರು. ಎಂಜಿನ್ ಎಷ್ಟು ಹೊಗೆ ಬಿಡಬಹುದೆಂಬ ನಿಯಮ ಮಾತ್ರ ಬ್ರಸೆಲ್ಸ್‌ನಲ್ಲಿ ಕೂತ ಯುರೋಪ್ ಒಕ್ಕೂಟದ್ದು ಎಂದರು. ಭಾವ ಬಿಟ್ಟಾರೆಯೇ? ಬ್ರಸೆಲ್ಸ್‌ಗೂ ಬರೆದರು. ಗಾಳಿಯ ಮಾಲಿನ್ಯಕ್ಕೆ ಮಿತಿ ಹಾಕಿಯಾಗಿದೆ, ಪಾಲಿಸಬೇಕಾದವರು ಲಂಡನ್ನಿನವರು ಎಂದು ಉತ್ತರ ಬಂತು. ಲಂಡನ್ ಬಹಳ ವಿನಯದಿಂದ, ನಗರದ ಗಾಳಿಗೆ ಯೋಜನೆ ಮಾಡುವಂತೆ ಈಗಾಗಲೇ ಸೂಚನೆ ಕೊಟ್ಟಿರುವುದಾಗಿ ತಿಳಿಸಿತು. ಯಾರಿಗೆ ಸೂಚನೆ? ಕೌನ್ಸಿಲ್‌ಗೆ!

"ಎಲ್ಲಾ ಮರ್ಯಾದಸ್ಥರು ಕಣೇ," ಎಂದರು ಭಾವ. "ಒಬ್ರೂ ಆಗಲ್ಲ ಅನ್ಲಿಲ್ಲ. ಅದೇ ಕಷ್ಟ."

ನಾನು ಡರ್ಬಿಯಲ್ಲಿ ವಿಮಾನದ ಎಂಜಿನ್ ಮಾಡುವ ಕಡೆ ಕೆಲಸದಲ್ಲಿದ್ದೇನೆ. ಹಬ್ಬಕ್ಕೆ ಹೋದಾಗಲೆಲ್ಲ ಭಾವ ನನ್ನನ್ನು ಅನುಮಾನದಿಂದ ನೋಡಿ, "ನೀನು ಯಾವ ಸರ್ಕಾರಕ್ಕೆ ಬರ್ತೀಯ ಅಂತ ಹುಡುಕ್ತಾ ಇದೀನಿ" ಎನ್ನುತ್ತಿದ್ದರು. ಆಮೇಲೆ ಎರಡನೆಯ ಸಲ ಹೋಳಿಗೆ ಬಡಿಸುತ್ತಿದ್ದರು.

ಯುರೋಪ್ ಒಕ್ಕೂಟ ಬಿಡಬೇಕೆಂದು ದೇಶ ಮತ ಹಾಕಿದ ಮರುದಿನ ಬೆಳಗ್ಗೆ ಅವರ ಫೋನು. ದನಿಯಲ್ಲಿ ಸೂತಕ. "ನಾಲ್ಕರಲ್ಲಿ ಒಂದು ಹೋಯ್ತು."

"ಅಯ್ಯೋ, ನನಗೂ ಅದೇ ಯೋಚನೆ ಭಾವ. ಕೆಲಸ, ಪೌಂಡು, ವೀಸಾ..."

"ಅದೆಲ್ಲ ಇರ್ಲಿ ಬಿಡು. ಇನ್ಮೇಲೆ ಲಂಡನ್‌ನೋರಿಗೆ ಬೈಯೋರು ಯಾರು?"

ಕೊನೆಗೆ ಕೌನ್ಸಿಲ್‌ನ ಅಧಿಕಾರಿಯೊಬ್ಬರು ಕನಿಕರಪಟ್ಟು ಒಂದು ಕಾನೂನು ತಿಳಿಸಿದರು. ನಿಂತ ವಾಹನದ ಎಂಜಿನ್ ಆರಿಸಿ ಎಂದು ಚಾಲಕರನ್ನು ಅಧಿಕಾರಿಗಳು ಕೇಳಬಹುದಂತೆ. ಒಪ್ಪದಿದ್ದರೆ ದಂಡ. "ದಂಡ ಹಾಕೋಕೆ ತಾನೇ ಅಧಿಕಾರ ಬೇಕು, ಕೇಳೋಕೆ ಯಾಕೆ?" ಎಂದರು ಭಾವ. ಅಂದಿನಿಂದ ಐದನೆಯ ಸರ್ಕಾರ ಶುರುವಾಯಿತು.

ಟಿವಿಡೇಲ್‌ನ ದೇವಸ್ಥಾನದಲ್ಲಿ ಬಾಲಾಜಿಗೆ ಕೈಮುಗಿಯುವ ಮೊದಲು ಅವರು ಕಾರ್ ಪಾರ್ಕಿನಲ್ಲಿ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು, ಎಂಜಿನ್ ಆರಿಸದ ಕಾರುಗಳ ಕಿಟಕಿ ತಟ್ಟುತ್ತ. ಒಬ್ಬರು ಪ್ರಸಾದವಿರಬೇಕೆಂದು ಗಾಜು ಇಳಿಸಿ ಕೈ ಚಾಚಿದರು. ಭಾವ ಆ ಕೈ ಹಿಡಿದುಕೊಂಡೇ ಅವರಿಗೆ ನೈಟ್ರೋಜನ್ ಡೈಆಕ್ಸೈಡ್ ವಿವರಿಸಿದರು. ಅಕ್ಕನ ಮಗಳು "ಡ್ಯಾಡ್, ಪ್ಲೀಸ್!" ಎಂದು ಸೀಟಿನ ಕೆಳಗೆ ಜಾರಿದಳು.

ಕೆಲವು ವರ್ಷಗಳಲ್ಲಿ ನಗರಕ್ಕೆ ಶುದ್ಧ ಗಾಳಿಯ ವಲಯದ ಯೋಜನೆಯೂ ಸಿದ್ಧವಾಯಿತು. ಹಳೆಯ ಡೀಸೆಲ್ ಗಾಡಿಗಳು ಅದರೊಳಗೆ ಬಂದರೆ ಶುಲ್ಕ. ಭಾವ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದರು. ಗಡಿ ಊರ ನಡುವಿನಲ್ಲೇ ಮುಗಿದಿತ್ತು. ಅವರ ಮನೆ ನಕ್ಷೆಯ ಆಚೆ, ಮಜ್ಜಿಗೆ ಹುಳಿಯ ಪಾತ್ರೆಯ ಹತ್ತಿರ ಎಲ್ಲೋ ಇತ್ತು. ಆ ದಿನ ಭಾವ ಯಾರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಮುಂದಿನ ಸಂಕ್ರಾಂತಿಗೆ ನಾವು ನಾಲ್ಕು ಮನೆಯವರು ಅಲ್ಲಿ ಊಟಕ್ಕೆ ಸೇರಿದ್ದೆವು. ಮಧ್ಯಾಹ್ನ ಒಂದು ಬಸ್ಸು ಹೊರಟದ್ದೇ ಭಾವ ಎದ್ದು ನಿಂತರು. "ಇವತ್ತು ಭಾನುವಾರ, ಮುಂದಿನ ಬಸ್ಸಿಗೆ ಹೊತ್ತಿದೆ. ಹೊರಡೋರೆಲ್ಲ ಈಗ್ಲೇ ಹೊರಡಿ. ಎಂಜಿನ್ ಹಾಕೋ ಹಾಗಿಲ್ಲ. ತಿರುವಿನ ತನಕ ತಳ್ಳಿ."

ಯಾರಾದರೂ ನಗುತ್ತಿದ್ದರೇನೋ. ಆದರೆ ಅಕ್ಕ ಆಗಲೇ ತೆರೆದ ಬಾಗಿಲಲ್ಲಿ ನಿಂತಿದ್ದಳು, ಶಾಲು ಹೊದ್ದು, ಕೈಯಲ್ಲಿ ಎಳ್ಳು ಬೆಲ್ಲದ ತಟ್ಟೆ ಹಿಡಿದು. ಗಂಡಸರು ಎದ್ದು ಹೊರಗೆ ಹೋದರು. ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ ನನ್ನ ಗಂಡ ಹಿಂದಿನಿಂದ ತಳ್ಳಿದ. ಎಂಜಿನ್ ಹಾಕದೆ ಸ್ಟೀರಿಂಗ್ ಕಲ್ಲಿನ ಹಾಗಿತ್ತಂತೆ. ನಾಲ್ಕು ಕಾರೂ ಒಟ್ಟಿಗೆ ಕೆಟ್ಟದ್ದನ್ನು ಕಂಡು ಪಕ್ಕದ ಮನೆಯ ಮುದುಕಪ್ಪ ಬ್ಯಾಟರಿಯ ತಂತಿ ಹಿಡಿದುಕೊಂಡು ಓಡಿಬಂದ. ವಿಷಯ ತಿಳಿದ ಮೇಲೆ ಅವನೂ ಭುಜ ಕೊಟ್ಟ.

ಇತ್ತ ಬಾಗಿಲಲ್ಲಿ ಅಕ್ಕ ನಮಗೆ ಹೆಂಗಸರಿಗೆ ಕುಂಕುಮ ಇಟ್ಟಳು, ಎಳ್ಳು ಕೊಟ್ಟಳು, ಮಾತಿಗಿಳಿದಳು. ಮುಗಿಸಲೇ ಇಲ್ಲ! ಅಷ್ಟರಲ್ಲಿ ಮುಂದಿನ ಬಸ್ಸು ಬಂದು ನಿಂತು ಗುರುಗುಟ್ಟತೊಡಗಿತು. "ಸಾಕು, ನಾನು ಒಳಗೆ ಹೋಗ್ತೀನಿ" ಎಂದಳು ಅಕ್ಕ, ಶಾಲಿನಿಂದ ಮೂಗು ಮುಚ್ಚಿಕೊಂಡು.

"ನೀನು ಮಾತಾಡು" ಎಂದು ಭಾವ ರಸ್ತೆಗೆ ಓಡಿದರು. ನಾಲ್ಕು ಸರ್ಕಾರಗಳ ನಿಯಮಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದ ಮನುಷ್ಯ, ಇನ್ನು ಡ್ರೈವರನ ಕತೆ ಮುಗಿಯಿತು ಎಂದುಕೊಂಡೆ. ಭಾವ ಒಂದು ನಿಯಮವನ್ನೂ ಹೇಳಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿದರು. "ಮೈ ವೈಫ್ ಈಸ್ ಸೇಯಿಂಗ್ ಗುಡ್‌ಬೈ" ಎಂದರು, ಅಷ್ಟೇ.

ಡ್ರೈವರ್ ಅವರನ್ನು ನೋಡಿದ, ಅಕ್ಕ ನಿಂತ ಬಾಗಿಲ ಕಡೆ ನೋಡಿದ. ಎಂಜಿನ್ ಆರಿತು.

ಆ ಬೀದಿ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಶಾಲು ಸರಿಸಿ, ನನ್ನ ಕೆನ್ನೆ ಮುಟ್ಟಿ, "ಹೇಳೋದೇ ಮರೆತಿದ್ದೆ ಕಣೇ" ಎಂದು ಹೊಸದೊಂದು ವಿಷಯ ಶುರು ಮಾಡಿದಳು. ಏನು ಹೇಳಿದಳೋ ನನ್ನ ಕಿವಿಗೆ ಬೀಳಲಿಲ್ಲ, ನನಗೆ ಅಳು ಬಂದಿತ್ತು. ಭಾವ ಜೋಡಿಸಿದ ಕೈ ಬಿಡದೆ ಬಸ್ಸಿನ ಮುಂದೆಯೇ ನಿಂತಿದ್ದರು, ಅವಳ ಮಾತು ಮುಗಿಯುವ ತನಕ.